ಡ್ರಮ್ಮಿನೊಳಗೆ ಒಂದು ಬಲ್ಬ್

ಈ ಡ್ರಮ್ ನಮ್ಮ ಮನೆಗೆ ಬಂದಿದ್ದು ಹೋದ ವರ್ಷ ಅಕ್ಟೋಬರ್‌ನಲ್ಲಿ, ಕಾವೇರಿ ಸಂಕ್ರಮಣ ಕಳೆದ ವಾರ, ಪಿಕಪ್ ಗಾಡಿಯ ಹಿಂದೆ ಎರಡು ಗೊಬ್ಬರದ ಚೀಲಗಳ ನಡುವೆ. ಅಪ್ಪ ದಕ್ಷಿಣ ಕೊಡಗಿನ ಒಂದು ಪ್ಲಾಂಟರ್ಸ್ ಕ್ಲಬ್ಬಿನಲ್ಲಿ ಬೇರರ್ ಆಗಿದ್ದವರು. ಕ್ಲಬ್ಬಿನ ಹಿಂದಿನ ಉಗ್ರಾಣ ಖಾಲಿ ಮಾಡುವಾಗ ಮುರಿದ ಕುರ್ಚಿ, ಬಿಲಿಯರ್ಡ್ಸ್ ಕೋಲು, ಇದೆಲ್ಲದರ ಅಡಿಯಲ್ಲಿ ಇದು ಸಿಕ್ಕಿತಂತೆ. ಅಲ್ಲಿಯ ಹುಡುಗರು ಅಪ್ಪನಿಗೆ ಫೋನ್ ಮಾಡಿದರು. ಅಪ್ಪ ಒಂದೇ ಮಾತು ಹೇಳಿದರು, 'ಅದನ್ನ ಒಲೆಗೆ ಹಾಕ್ಬೇಡಿ, ನನ್ನ ಮಗ ಬರ್ತಾನೆ.'

ನಾನು ಸಿದ್ದಾಪುರದ ಹತ್ತಿರ ಮೋಟಾರ್ ರೀವೈಂಡಿಂಗ್ ಕೆಲಸ ಮಾಡುತ್ತೇನೆ. ಮದುವೆ ಸೀಸನ್ನಿನಲ್ಲಿ ಆರ್ಕೆಸ್ಟ್ರಾಗಳಿಗೆ ಡ್ರಮ್ಸ್ ಬಾರಿಸುತ್ತೇನೆ. ಹಾಗಾಗಿ ಡ್ರಮ್ ಬಿಚ್ಚಿ ಕಟ್ಟುವುದು ನನಗೆ ಹೊಸದಲ್ಲ. ಆದರೆ ಚರ್ಮ ಹೊದಿಸಿದ ಬೇಸ್ ಡ್ರಮ್, ಅಂದರೆ ನೆಲದ ಮೇಲಿಟ್ಟು ಕಾಲಿನ ಪೆಡಲಿನಿಂದ ಬಾರಿಸುವ ದೊಡ್ಡ ಡ್ರಮ್, ಕೈಗೆ ಸಿಕ್ಕಿದ್ದು ಇದೇ ಮೊದಲು.

ಮೊದಲು ಇದು ಯಾರದ್ದು ಅಂತ ಹೇಳಿಬಿಡುತ್ತೇನೆ. ಅಪ್ಪನಿಗೆ ಈಗ 82 ವರ್ಷ, ನೆನಪು ಚೆನ್ನಾಗಿದೆ. ಬೆಂಗಳೂರು ದಂಡಿನ ಕಡೆಯ ಒಬ್ಬ ಆಂಗ್ಲೋ ಇಂಡಿಯನ್ ಡ್ರಮ್ಮರ್ ಇದ್ದರಂತೆ. ಚಳಿಗಾಲದಲ್ಲಿ ಕಲ್ಕತ್ತಾದ ದೊಡ್ಡ ಹೋಟೆಲುಗಳಲ್ಲಿ ಜಾಝ್ ಬ್ಯಾಂಡಿಗೆ ಬಾರಿಸುವುದು, ಉಳಿದ ತಿಂಗಳು ದಕ್ಷಿಣದ ಬೆಟ್ಟದೂರಿನ ಕ್ಲಬ್ಬುಗಳನ್ನು ಸುತ್ತುವುದು, ಅದೇ ಅವರ ಹೊಟ್ಟೆಪಾಡು. ಆಗಿನ ಕಾಲಕ್ಕೆ ಅದು ಸಣ್ಣ ವಿಷಯವಲ್ಲ. 1935ರಲ್ಲೇ ಅಮೆರಿಕದ ಲಿಯಾನ್ ಆ್ಯಬಿ ಬೊಂಬಾಯಿಯ ತಾಜ್ ಹೋಟೆಲಿಗೆ ಕರಿಯರ ಜಾಝ್ ಬ್ಯಾಂಡ್ ಕರೆತಂದಿದ್ದರು. ಪಿಯಾನೋದ ಟೆಡ್ಡಿ ವೆದರ್‌ಫರ್ಡ್ ಕೊನೆಯ ವರ್ಷಗಳನ್ನು ಕಲ್ಕತ್ತಾದಲ್ಲೇ ಕಳೆದು 1945ರಲ್ಲಿ ಅಲ್ಲೇ ತೀರಿಕೊಂಡರು. ಅಂಥವರ ಜೊತೆ ನಿಂತು ಕಲಿತ ಗೋವಾದವರು, ಆಂಗ್ಲೋ ಇಂಡಿಯನ್ನರು ಮುಂದೆ ನಮ್ಮ ದೇಶದ ಹೋಟೆಲುಗಳ ತುಂಬ ಈ ಸಂಗೀತ ತುಂಬಿದರು. ಅಪ್ಪನ ಡ್ರಮ್ಮರ್ ಆ ಸಾಲಿನವರು. ಚೀನಾ ಯುದ್ಧ ಆದ ವರ್ಷದ ಡಿಸೆಂಬರ್ 31ರ ರಾತ್ರಿ ಬಾರಿಸಿ, ಬಸ್ಸಿನಲ್ಲಿ ಜಾಗ ಇಲ್ಲ ಅಂತ ಬೇಸ್ ಡ್ರಮ್ ಒಂದನ್ನು ಬಿಟ್ಟು ಹೋದರು. ಆಮೇಲೆ ಬರಲೇ ಇಲ್ಲ.

ಸಿಕ್ಕಾಗ ಅದರ ಸ್ಥಿತಿ ಹೀಗಿತ್ತು. ಅಡ್ಡಳತೆ 22 ಇಂಚು. ಕಂಪನಿಯ ಬಿಲ್ಲೆ ಕಿತ್ತುಹೋಗಿದೆ, ಎರಡು ಮೊಳೆ ತೂತು ಮತ್ತು ಬಿಲ್ಲೆಯ ಆಕಾರದ ಬಿಳಿ ಕಲೆ ಮಾತ್ರ ಉಳಿದಿದೆ. ಕೊಕ್ಕೆಗಳ ಒಳಗಡೆ 'ಮೇಡ್ ಇನ್ ಇಂಗ್ಲೆಂಡ್' ಅಂತ ಒತ್ತಿದ್ದಾರೆ. ಮೈಮೇಲಿನ ಮುತ್ತಿನ ಬಣ್ಣದ ಹಾಳೆ ಹಳದಿಯಾಗಿ, ಜೋಡಣೆಯ ಹತ್ತಿರ ಎದ್ದು ನಿಂತಿದೆ. ಪೆಡಲ್ ಕಡೆಯ ಮರದ ಬಳೆಯ ಕೀಲು ಬಾಯಿ ಬಿಟ್ಟಿದೆ. ಚರ್ಮವನ್ನು ಬಿಗಿ ಮಾಡುವ, ಟಿ ಆಕಾರದ ಹಿಡಿಯ ರಾಡ್ ಎರಡೂ ಕಡೆ ಸೇರಿ 16 ಇರಬೇಕು, 13 ಇವೆ. ಮುಂದಿನ ಚರ್ಮ ಹೇಗೋ ಉಳಿದುಕೊಂಡಿದೆ, ಅದರ ಮೇಲೆ ಬ್ಯಾಂಡಿನ ಹೆಸರಿನ ಬಣ್ಣ ಓದಲಾಗದಷ್ಟು ಮಾಸಿದೆ. ಬಾರಿಸುವ ಕಡೆಯ ಚರ್ಮ ಮಾತ್ರ ಅಂಚಿನುದ್ದಕ್ಕೂ ಅರ್ಧ ಸುತ್ತು ಹರಿದಿದೆ. ಒಳಗೆಲ್ಲ ಬೂಷ್ಟು, ಒಂದು ಇಲಿ ಗೂಡು, ಮತ್ತು ಒಂದು ಹಿತ್ತಾಳೆಯ ಬಲ್ಬ್ ಹೋಲ್ಡರ್.

ಹೋಲ್ಡರ್ ನೋಡಿ ನಾನು ಬೇರೆಯೇ ಅಂದುಕೊಂಡೆ. 1920-30ರ ಹೊತ್ತಿನಲ್ಲಿ ಅಮೆರಿಕದ ಡ್ರಮ್ ಕಂಪನಿಗಳು ಬೇಸ್ ಡ್ರಮ್ಮಿನ ಒಳಗೆ ಹಾಕುವ ಲೈಟನ್ನು ಕ್ಯಾಟಲಾಗಿನಲ್ಲೇ ಮಾರುತ್ತಿದ್ದವು. ಮುಂದಿನ ಚರ್ಮದ ಮೇಲೆ ಸೂರ್ಯಾಸ್ತವೋ ಸರೋವರವೋ ಬರೆಸಿ, ಒಳಗಿನಿಂದ ಬೆಳಕು ಬಿಡುವುದು ಒಂದು ಷೋಕಿ. ಅಪ್ಪನೂ ಹಾಗೇ ಹೇಳಿದರು. 'ಡ್ಯಾನ್ಸ್ ಶುರು ಆಗೋಕೆ ಒಂದು ಗಂಟೆ ಮುಂಚೆ ನನ್ನ ಕೈಲಿ ಪ್ಲಗ್ ಹಾಕಿಸ್ತಿದ್ರು. ಬೆಳಕಿಗೆ ಅಂದ್ಕೊಂಡಿದ್ದೆ.' ಅಷ್ಟರಲ್ಲಿ ಅಮ್ಮ ಒಳಗಿನಿಂದ ಬಂದು ಡ್ರಮ್ಮಿನೊಳಗೆ ಇಣುಕಿ, 'ಇದು ಬೀರುಗೆ ಹಾಕೋ ಬಲ್ಬ್ ಅಲ್ವಾ?' ಅಂದರು.

ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಗೆ ಬೂಷ್ಟು ಹಿಡಿಯಬಾರದು ಅಂತ ಬೀರುವಿನ ಕೆಳಗಿನ ಖಾನೆಯಲ್ಲಿ ಒಂದು ಜೀರೋ ಬಲ್ಬ್ ಹಗಲು ರಾತ್ರಿ ಉರಿಯುತ್ತಿರುತ್ತದೆ. ನಮ್ಮ ಮನೆಯಲ್ಲೂ ಇದೆ. ಅಮ್ಮ ಹೇಳಿದ ಮೇಲೆ ನಾನು ಟಾರ್ಚ್ ಹಿಡಿದು ಮತ್ತೆ ನೋಡಿದೆ. ಹೋಲ್ಡರ್ ಇದ್ದದ್ದು ಮುಂದಿನ ಚರ್ಮದ ಹತ್ತಿರ ಅಲ್ಲ. ಬಾರಿಸುವ ಚರ್ಮದ ಕಡೆಗೆ, ಅದರಿಂದ ಒಂದು ಗೇಣು ದೂರದಲ್ಲಿ. ಬೆಳಕು ತೋರಿಸುವುದಕ್ಕಾದರೆ ಅಲ್ಲಿ ಯಾಕೆ ಹಾಕುತ್ತಾರೆ? ಅದರ ನೇರ ಮೇಲೆ ಮರ ಅಂಗೈಯಗಲ ಕಂದಿ ಕಾಫಿ ಬಣ್ಣಕ್ಕೆ ತಿರುಗಿತ್ತು. ತುಂಬ ಗಂಟೆ ಉರಿದ ಬಲ್ಬ್ ಅದು.

ಅಲ್ಲಿಂದ ಮುಂದೆ ಈ ಕೆಲಸದ ದಾರಿಯೇ ಬೇರೆಯಾಯಿತು. ಹೊಳಪು ಬರಿಸಿ ಹಜಾರದಲ್ಲಿ ಇಡೋಣ ಅಂತ ಶುರು ಮಾಡಿದವನು ನಾನು. ಆ ಮನುಷ್ಯ ಈ ಡ್ರಮ್ಮನ್ನು ಮಳೆಯಲ್ಲಿ ಹೇಗೆ ನಡೆಸುತ್ತಿದ್ದರೋ ಹಾಗೇ ನಡೆಯುವಂತೆ ಮಾಡಬೇಕು ಅಂತ ಆಗಲೇ ತೀರ್ಮಾನಿಸಿದೆ. ಅಂದರೆ ಚರ್ಮ, ಬಲ್ಬ್, ಎರಡೂ ಬೇಕು.

ಬಿಚ್ಚುವ ಕೆಲಸ ಎರಡು ದಿನ. ಜಾಮ್ ಆಗಿದ್ದ ರಾಡ್‌ಗಳಿಗೆ ಸೀಮೆಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಕಾಲು ಸುತ್ತು ಹಿಂದೆ, ಕಾಲು ಸುತ್ತು ಮುಂದೆ ಆಡಿಸುತ್ತ ತೆಗೆದೆ. ಒಂದೂ ಮುರಿಯಲಿಲ್ಲ. ಒಳಗಿನ ಬೂಷ್ಟನ್ನು ಒಣ ಬ್ರಷ್ಷಿನಲ್ಲಿ ಗುಡಿಸಿ, ಸ್ಪಿರಿಟ್‌ನಲ್ಲಿ ಒದ್ದೆ ಮಾಡಿದ ಬಟ್ಟೆಯಲ್ಲಿ ಒರೆಸಿದೆ. ಬಿಸಿಲಿಗೆ ಇಡಲಿಲ್ಲ. ಅರವತ್ತು ವರ್ಷ ತೇವದಲ್ಲಿ ಕೂತ ಮರವನ್ನು ಒಮ್ಮೆಲೇ ಒಣಗಿಸಿದರೆ ಪದರ ಬಿಡುತ್ತದೆ. ಮೂರು ವಾರ ಅಟ್ಟದ ಮೇಲೆ, ಅಡುಗೆಮನೆಯ ಬಿಸಿ ಸ್ವಲ್ಪ ಸ್ವಲ್ಪವೇ ತಾಗುವ ಕಡೆ ಇಟ್ಟೆ, ಎರಡು ದಿನಕ್ಕೊಮ್ಮೆ ತಿರುಗಿಸಿದೆ.

ಈ ನಡುವೆ ಒಂದು ತಪ್ಪು ಮಾಡಿದೆ. ಬಳೆಗಳನ್ನು ತೊಳೆಯುವಾಗ, ಪೆಡಲ್ ಕಡೆಯ ಬಳೆಯ ಒಳಮೈಯನ್ನು ಸೋಪು ನೀರಿನ ಬಟ್ಟೆಯಲ್ಲಿ ಸುಮ್ನೆ ಒರೆಸುತ್ತ ಹೋದೆ. ಮೂರು ಇಂಚು ಒರೆಸಿದ ಮೇಲೆ ಬಟ್ಟೆಯಲ್ಲಿ ಬೂದು ಬಣ್ಣ ಕಂಡಿತು. ನಿಲ್ಲಿಸಿ ನೋಡಿದರೆ ಪೆನ್ಸಿಲ್ ಬರಹ. ಚಿಕ್ಕ ಚಿಕ್ಕ ಇಂಗ್ಲಿಷ್ ಅಕ್ಷರ, ಬಳೆಯ ಸುತ್ತ ಕಾಲು ಭಾಗದಷ್ಟು. ನಾನು ಅಳಿಸಿದ್ದು ಅದರ ಶುರುವಿನ ಭಾಗ. ಏನಿತ್ತೋ ಇನ್ನು ಗೊತ್ತಾಗುವುದಿಲ್ಲ. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಹಳೇ ವಾದ್ಯ ಕೈಗೆತ್ತಿಕೊಳ್ಳುವವರು ಇದೊಂದು ಕೇಳಿ: ಒದ್ದೆ ಬಟ್ಟೆ ಮುಟ್ಟಿಸುವ ಮೊದಲು ಎಲ್ಲ ಮೈಯನ್ನೂ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ, ಫೋಟೋ ತೆಗೆಯಿರಿ.

ಉಳಿದದ್ದು ಓದಿದೆ. ಊರಿನ ಹೆಸರು, ತಿಂಗಳು, ವರ್ಷ, ಮುಂದೆ ಒಂದು ಅಂಕಿ. ಮರ್ಕೆರಾ ಜುಲೈ 57, ಮುಂದೆ 3. ಕೆ.ಜಿ.ಎಫ್. ಡಿಸೆಂಬರ್ 57, ಮುಂದೆ 0. ಊಟಿ ಮೇ 58, ಮುಂದೆ 1. ಮರ್ಕೆರಾ ಜುಲೈ 58, ಮತ್ತೆ 3. ಏರ್ಕಾಡ್, ತಿಂಗಳು ಮಾಸಿದೆ, 2. ಹೀಗೇ ಹದಿನಾಲ್ಕು ಸಾಲು. ಆದರೆ 60ರ ಆಗಸ್ಟಿನ ಮರ್ಕೆರಾದಿಂದ ಮುಂದೆ ಎಲ್ಲ ಸಾಲಿಗೂ 0. ಮರ್ಕೆರಾ ಅಂದರೆ ನಮ್ಮ ಮಡಿಕೇರಿಯೇ. ಅಂಕಿಗಳು ಏನು ಅಂತ ಮೊದಲು ತಿಳಿಯಲಿಲ್ಲ. ಎಷ್ಟು ರಾತ್ರಿ ಬಾರಿಸಿದರು ಅನ್ನೋಣ ಅಂದರೆ ಸೊನ್ನೆ ಯಾಕೆ ಬರುತ್ತದೆ? ಸಂಬಳವೂ ಆಗಲಾರದು. ಬರೆದಿಟ್ಟುಕೊಂಡು ಮುಂದಿನ ಕೆಲಸಕ್ಕೆ ಹೋದೆ.

ಬಳೆಗೆ ಹೊಸದಾಗಿ ಕಪ್ಪು ಬಣ್ಣ ಹೊಡೆಯುವ ಆಲೋಚನೆ ಇತ್ತು, ಅದನ್ನು ಅಲ್ಲಿಗೇ ಬಿಟ್ಟೆ. ಕೀಲು ಕೂಡಿಸುವುದೊಂದೇ ಬಾಕಿ. ಹಳೆಯ ಅಂಟು ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ಮಾಡಿದ್ದು. ಬಿಸಿ ಮತ್ತು ತೇವ ತಾಗಿದರೆ ಸಡಿಲವಾಗುವುದು ಅದರ ಗುಣ, ಅದಕ್ಕೇ ಕೀಲು ಬಾಯಿ ಬಿಟ್ಟಿತ್ತು. ಹಳೆಯದನ್ನು ಬಿಸಿ ನೀರಿನ ಬಟ್ಟೆಯಿಂದ ಮೆತ್ತಗೆ ಮಾಡಿ, ಚಾಕುವಿನ ಬೆನ್ನಿನಿಂದ ಹೆರೆದು ತೆಗೆದೆ. ನೀರು ತಡೆಯುವ ಫೆವಿಕಾಲ್ ಹಚ್ಚಿದೆ. ಬರಹದ ಒಂದು ಸಾಲು ಕೀಲಿನ ಮೇಲೇ ಹಾದುಹೋಗುತ್ತದೆ, ಟೇಪ್ ಅಂಟಿಸಿದರೆ ಪೆನ್ಸಿಲ್ ಕಿತ್ತು ಬರುತ್ತದೆ. ಹಾಗಾಗಿ ಅಲ್ಲಿಗೆ ಬಟರ್ ಪೇಪರ್ ಮಾತ್ರ ಇಟ್ಟು, ಮೇಲಿನಿಂದ ಸೈಕಲ್ ಟ್ಯೂಬಿನ ಪಟ್ಟಿ ಎಳೆದೆಳೆದು ಸುತ್ತಿದೆ. ಕ್ಲಾಂಪಿಗಿಂತ ಟ್ಯೂಬೇ ವಾಸಿ, ದುಂಡಗಿನ ವಸ್ತುವಿಗೆ ಸುತ್ತಲೂ ಒಂದೇ ಸಮ ಒತ್ತಡ ಸಿಗುತ್ತದೆ. ಮರುದಿನ ಬಿಚ್ಚಿದಾಗ ಕೀಲು ಕೂತಿತ್ತು, ಸಾಲು ಹಾಗೇ ಇತ್ತು.

ಮುತ್ತಿನ ಹಾಳೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಇದು ಏನು ಅಂತ ತಿಳಿಯದೆ ಹೀಟ್ ಗನ್ ಹಿಡಿದು ಎದ್ದ ಕಡೆ ಕೂರಿಸೋಣ ಅಂತಿದ್ದೆ. ದೇವರ ದಯೆ, ಅದಕ್ಕೆ ಮೊದಲು ಮೂಲೆಯೊಂದನ್ನು ಹೆಬ್ಬೆರಳಿನಿಂದ ಜೋರಾಗಿ ಉಜ್ಜಿ ಮೂಸಿ ನೋಡಿದೆ. ಕರ್ಪೂರದ ವಾಸನೆ! ದೇವರ ಮನೆಯಲ್ಲಿ ಮಂಗಳಾರತಿ ಆದ ಮೇಲೆ ತಟ್ಟೆಯಲ್ಲಿ ಉಳಿಯುತ್ತದಲ್ಲ, ಅದೇ ವಾಸನೆ, ತೆಳ್ಳಗೆ. ಇದು ಸೆಲ್ಯುಲಾಯ್ಡ್. ಹತ್ತಿಯ ನಾರಿಗೆ ನೈಟ್ರಿಕ್ ಆಮ್ಲ ಕೂಡಿಸಿ, ಮೆದು ಬರಲು ಕರ್ಪೂರ ಬೆರೆಸಿ ಮಾಡುವ ಹಳೆ ಕಾಲದ ಪ್ಲಾಸ್ಟಿಕ್. ಬೆಂಕಿ ತಾಗಿದರೆ ಭಗ್ ಅಂತ ಹತ್ತುತ್ತದೆ. ಹಳೇ ಸಿನಿಮಾ ರೀಲುಗಳು ಹೊತ್ತಿ ಟಾಕೀಸುಗಳು ಉರಿದುಹೋದದ್ದು ಇದೇ ವಸ್ತುವಿನಿಂದ. ಮುತ್ತಿನ ಹೊಳಪಿನ ಹಳೇ ಡ್ರಮ್ ಯಾರ ಹತ್ತಿರ ಇದ್ದರೂ ಈ ಒಂದು ಪರೀಕ್ಷೆ ಮಾಡದೆ ಹೀಟ್ ಗನ್, ಸೋಲ್ಡರಿಂಗ್ ಐರನ್ ಹತ್ತಿರ ತರಬೇಡಿ.

ವಯಸ್ಸಾದಂತೆ ಕರ್ಪೂರ ಆರುತ್ತಾ ಹೋಗಿ ಹಾಳೆ ಕುಗ್ಗುತ್ತದೆ. ಜೋಡಣೆಯ ಬಳಿ ಅಂತರ ಬಿಟ್ಟಿದ್ದು ಅದಕ್ಕೇ. ಎಳೆದು ಕೂಡಿಸಲು ಹೋದರೆ ಸೀಳುತ್ತದೆ. ಎದ್ದ ಅಂಚಿನ ಕೆಳಗೆ ತೆಳ್ಳಗೆ ಅಂಟು ಬಿಟ್ಟು, ಮತ್ತೆ ಸೈಕಲ್ ಟ್ಯೂಬ್ ಸುತ್ತಿ ಒಂದು ರಾತ್ರಿ ಬಿಟ್ಟೆ. ಉಳಿದ ಅಂತರ, ಮತ್ತೆ ಮೂರು ಬಿರುಕು, ಇವನ್ನು ತುಂಬಬೇಕಿತ್ತು. ಸೆಲ್ಯುಲಾಯ್ಡ್ ಅಸಿಟೋನ್‌ನಲ್ಲಿ ಕರಗುತ್ತದೆ. ಹಾಗಾದರೆ ಸೆಲ್ಯುಲಾಯ್ಡಿನಿಂದಲೇ ತುಂಬಬಹುದು. ಸೆಲ್ಯುಲಾಯ್ಡ್ ಈಗ ಎಲ್ಲಿ ಸಿಗುತ್ತದೆ ಅಂದರೆ, ಹಳೇ ಟೇಬಲ್ ಟೆನಿಸ್ ಚೆಂಡಿನಲ್ಲಿ! 2014ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ಬೇರೆ ಪ್ಲಾಸ್ಟಿಕ್ಕಿನ ಚೆಂಡಿಗೆ ಬದಲಾಯಿಸುವವರೆಗೆ ಆ ಚೆಂಡುಗಳು ಹೆಚ್ಚುಕಡಿಮೆ ಎಲ್ಲ ಸೆಲ್ಯುಲಾಯ್ಡೇ. ಅದೇ ಕ್ಲಬ್ಬಿನ ಉಗ್ರಾಣದಲ್ಲಿ ಒಡೆದ ಹಳೇ ಚೆಂಡುಗಳು ಡಬ್ಬಿಗಟ್ಟಲೆ ಇದ್ದವು. ನಾಲ್ಕು ತಂದೆ, ಚೂರು ಮಾಡಿ ಗಾಜಿನ ಸೀಸೆಯಲ್ಲಿ ಅಸಿಟೋನ್ ಹಾಕಿ ಮುಚ್ಚಿಟ್ಟೆ. ಮರುದಿನ ಗಟ್ಟಿ ಮಜ್ಜಿಗೆಯ ಹಾಗೆ ಆಗಿತ್ತು. ಬಿಳಿ ಜಾಸ್ತಿಯಾಗಿದೆ ಅಂತ, ಲಗ್ಗಿನ (ರಾಡ್ ಕೂರುವ ಲೋಹದ ಗೂಡು) ಅಡಿಯಲ್ಲಿ ಕಾಣದ ಕಡೆಯಿಂದ ಹಳೇ ಹಾಳೆಯ ಹಳದಿ ಹೆರಕಲು ಸ್ವಲ್ಪ ಬೆರೆಸಿದೆ. ಬೆಂಕಿಕಡ್ಡಿಯ ತುದಿಯಿಂದ ಬಿರುಕಿಗೆ ತುಂಬಿ, ಒಣಗಿ ಕುಗ್ಗಿದ ಮೇಲೆ ಮತ್ತೆ ತುಂಬಿ, ಹೀಗೆ ಐದು ಸಲ. ಕೊನೆಗೆ 1000 ನಂಬರಿನ ಉಜ್ಜುಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಿದೆ. ಹತ್ತಿರ ಬಂದು ನೋಡಿದರೆ ಮಚ್ಚೆಯ ಹಾಗೆ ಕಾಣುತ್ತದೆ. ಇರಲಿ. ಹಳದಿ ಬಣ್ಣವನ್ನು ತೆಗೆಯಲು ಹೋಗಲಿಲ್ಲ, ಕಾರ್ ಪಾಲಿಷ್ ಒಂದು ಕೈ ಅಷ್ಟೇ.

ಕೊಕ್ಕೆ ಮತ್ತು ರಾಡ್‌ಗಳ ತುಕ್ಕಿಗೆ ಪಕ್ಕದ ಮನೆಯ ಚಿಕ್ಕಮ್ಮ ಕಾಚಂಪುಳಿ ಹಚ್ಚಿ ನೋಡು ಅಂದರು. ಹಂದಿ ಸಾರಿಗೆ ಹಾಕುವ ಅದೇ ಕಪ್ಪು ಹುಳಿ. ಒಂದು ಕೊಕ್ಕೆಗೆ ಹಚ್ಚಿ ಅರ್ಧ ಗಂಟೆ ಬಿಟ್ಟೆ. ತುಕ್ಕು ನಿಜವಾಗಿಯೂ ಹೋಯಿತು. ಆದರೆ ತುಕ್ಕಿನ ಸುತ್ತಲಿನ ನಿಕಲ್ ಲೇಪನ ಮಂಕಾಗಿ ಅಂಚಿನಲ್ಲಿ ಎದ್ದುಬಂತು, ಹುಳಿ ಲೇಪನದ ಅಡಿಗೆ ಇಳಿದುಬಿಡುತ್ತದೆ. ಹಾಗಾಗಿ ಲೇಪನ ಇಲ್ಲದ ಬರಿ ಉಕ್ಕಿನ ಕಡೆಗೆ ಕಾಚಂಪುಳಿ, ಲೇಪನ ಇರುವ ಕಡೆಗೆ ಅಲ್ಯುಮಿನಿಯಂ ಫಾಯಿಲ್ ಮುದ್ದೆ ಮಾಡಿ ನೀರು ತಾಗಿಸಿ ಉಜ್ಜುವುದು ಅಂತ ಇಟ್ಟುಕೊಂಡೆ. ಫಾಯಿಲ್ ನಿಕಲ್‌ಗಿಂತ ಮೆದು, ಗೀರು ಬೀಳುವುದಿಲ್ಲ.

ಇನ್ನು ಇಲ್ಲದ ಮೂರು ರಾಡ್. ಹಾರ್ಡ್‌ವೇರ್ ಅಂಗಡಿಯಲ್ಲಿ 6 ಎಂ.ಎಂ. ಸ್ಟಡ್ ಕೊಟ್ಟರು, ಲಗ್ಗಿನೊಳಗೆ ಹಿಡಿತವೇ ಸಿಗದೆ ಸಡಿಲವಾಗಿ ಅಲ್ಲಾಡಿತು. ಕಾಲು ಇಂಚು ಅಂದರೆ 6.35 ಎಂ.ಎಂ., ಅದಕ್ಕೇ. ಎರಡನೇ ಸಲ ಕಾಲು ಇಂಚಿನ ಬೋಲ್ಟ್ ತಂದೆ, ಎರಡು ಸುತ್ತು ಹೋಗಿ ಬಿಗಿಯಿತು. ಇಂಗ್ಲೆಂಡಿನ ಹಳೇ ವಿಟ್‌ವರ್ತ್ ಮರೆಯೂ (ಬೋಲ್ಟಿನ ತಿರುಪು ಗೆರೆ) ಅಮೆರಿಕದ ಮರೆಯೂ ಕಾಲು ಇಂಚಿನಲ್ಲಿ ಒಂದಿಂಚಿಗೆ 20 ಸುತ್ತೇ. ಆದರೆ ಮರೆಯ ಕೋನ ಒಂದರದ್ದು 55 ಡಿಗ್ರಿ, ಇನ್ನೊಂದರದ್ದು 60. ಒತ್ತಿ ತಿರುಗಿಸಿದ್ದರೆ ಅರವತ್ತು ವರ್ಷದ ಹಿತ್ತಾಳೆ ಮರೆ ಹಾಳಾಗುತ್ತಿತ್ತು.

ವಿಟ್‌ವರ್ತ್ ಡೈ ಈಗ ಯಾರ ಹತ್ತಿರ ಇರುತ್ತದೆ? ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ರಿಪೇರಿ ಮಾಡುವವರ ಹತ್ತಿರ. ನಮ್ಮ ತೋಟಗಳ ಹಳೇ ಪಲ್ಪರ್‌ಗಳು ಸ್ಕಾಟ್ಲೆಂಡಿನ ಅಬರ್ಡೀನ್‌ನ ಮೆಕಿನನ್ ಕಂಪನಿಯವು, ಲಂಡನ್ನಿನ ಗಾರ್ಡನ್ ಕಂಪನಿಯವು, ಅವುಗಳ ನಟ್ಟು ಬೋಲ್ಟು ಎಲ್ಲ ಅದೇ ಅಳತೆ. ವಿರಾಜಪೇಟೆಯ ಕಡೆ ಒಬ್ಬ ಮೇಸ್ತ್ರಿ ಇದ್ದಾರೆ. ರಾಡ್ ಕೈಗೆ ತೆಗೆದುಕೊಂಡು ಗೇಜ್ ಹಿಡಿಯದೆಯೇ, 'ವಿಟ್‌ವರ್ತ್ ಮಾರಾಯ, ಇದು ಪಲ್ಪರಿನ ಬ್ರೆಸ್ಟ್ ಬೋಲ್ಟಿನ ಮರೆ' ಅಂದರು. ಮೂರು ರಾಡ್ ಕಡಿದು, ತಲೆಗೆ ಟಿ ಹಿಡಿ ಬೆಸೆದು ಕೊಟ್ಟರು. ದುಡ್ಡು ಬೇಡ ಅಂದರು, ಡ್ರಮ್ ಮುಗಿದ ಮೇಲೆ ತಂದು ತೋರಿಸು ಅಂದರು.

ಶೆಲ್ಲಿನ, ಅಂದರೆ ಡ್ರಮ್ಮಿನ ಮರದ ಒಡಲಿನ, ಅಂಚು ನೋಡಿದ್ದು ರಾತ್ರಿ. ಅಡುಗೆಮನೆಯ ಕಡಪಾ ಕಲ್ಲಿನ ಮೇಲೆ ಶೆಲ್ ಬೋರಲು ಹಾಕಿ, ಒಳಗೆ ಬಲ್ಬ್ ಇಟ್ಟು, ಮನೆಯ ದೀಪ ಆರಿಸಿದರೆ ಅಂಚು ಎಲ್ಲಿ ತಗ್ಗಿದೆಯೋ ಅಲ್ಲಿ ಬೆಳಕಿನ ಗೆರೆ ಹೊರಗೆ ಬರುತ್ತದೆ. ಎರಡು ಕಡೆ ಮಾತ್ರ ಬಂತು, ಕೂದಲೆಳೆಯಷ್ಟು. ಮುಟ್ಟಲಿಲ್ಲ. ಇವತ್ತಿನ ಡ್ರಮ್ಮಿನ ಹಾಗೆ ಚೂಪು ಅಂಚಲ್ಲ ಇದು, ಚರ್ಮಕ್ಕೆಂದು ದುಂಡಗೆ ಮಾಡಿದ ಅಂಚು. ಬರಿ ಮೇಣ ಉಜ್ಜಿದೆ.

ಈಗ ಚರ್ಮ. 1957ರಲ್ಲಿ ಅಮೆರಿಕದಲ್ಲಿ ರೆಮೋ ಬೆಲ್ಲಿ ಮೈಲಾರ್ ಎಂಬ ಪಾಲಿಯೆಸ್ಟರ್ ಹಾಳೆಯ ಹೊದಿಕೆ ಮಾರಲು ಶುರು ಮಾಡಿದ ಮೇಲೆ ಡ್ರಮ್ಮರ್‌ಗಳು ಒಬ್ಬೊಬ್ಬರಾಗಿ ಚರ್ಮ ಬಿಟ್ಟರು. ಮೈಲಾರ್ ತೇವ ಕುಡಿಯುವುದಿಲ್ಲ, ಮಳೆಯಾದರೂ ಬಿಸಿಲಾದರೂ ಒಂದೇ ಬಿಗಿ. ನನ್ನ ಸ್ವಂತ ಸೆಟ್ಟಿಗೆ ನಾನೂ ಅದನ್ನೇ ಹಾಕುವುದು. ಇದಕ್ಕೂ ಹಾಕಿಬಿಡು ಅಂತ ಸ್ನೇಹಿತರೆಲ್ಲ ಹೇಳಿದರು.

ನಾನು ಹಾಕದೇ ಇರಲು ಕಾರಣ ಹರಿದ ಹಳೇ ಚರ್ಮ. ಅದನ್ನು ಬಿಸಾಡುವ ಮೊದಲು ಮೇಜಿನ ಮೇಲೆ ಹರಡಿ ತುಂಬ ಹೊತ್ತು ನೋಡಿದೆ. ಪೆಡಲಿನ ಗುಂಡು ಬೀಳುವ ಜಾಗ ಇದೆಯಲ್ಲ, ನನ್ನ ಡ್ರಮ್ಮಿನಲ್ಲಿ ಅಲ್ಲಿ ಆರು ತಿಂಗಳಿಗೆ ಗುಳಿ ಬೀಳುತ್ತದೆ. ಇದರಲ್ಲಿ ಗುಳಿಯೇ ಇಲ್ಲ. ಒಂದು ರೊಟ್ಟಿಯಗಲ ಬೂದು ಬಣ್ಣದ ಮಬ್ಬು, ಅಂಚು ಯಾವುದು ಅಂತ ಗೊತ್ತಾಗದ ಹಾಗೆ, ಅದರೊಳಗೆ ಉಣ್ಣೆಯ ಎಳೆಗಳು ಇನ್ನೂ ಅಂಟಿಕೊಂಡಿವೆ. ಜಾಝ್‌ನಲ್ಲಿ ಆಗಿನವರು ಬೇಸ್ ಡ್ರಮ್ಮನ್ನು ನಾಲ್ಕೂ ಪೆಟ್ಟಿಗೆ ಬಾರಿಸುತ್ತಿದ್ದರು, ಆದರೆ ತೀರಾ ಮೆಲ್ಲಗೆ. ಗರಿ ಸವರಿದ ಹಾಗೆ ಅಂತಲೇ ಅದಕ್ಕೆ ಹೆಸರು. ದೊಡ್ಡ ಬೇಸ್ ತಂತಿವಾದ್ಯದ ಸ್ವರದ ಅಡಿಯಲ್ಲಿ ಸೇರಿಕೊಂಡುಬಿಡಬೇಕು, ಬೇರೆಯಾಗಿ ಕೇಳಬಾರದು, ಕುಣಿಯುವವರ ಕಾಲಿಗೆ ಮಾತ್ರ ತಿಳಿಯಬೇಕು. ವರ್ಷಗಟ್ಟಲೆ ರಾತ್ರಿಯಿಡೀ ಬಾರಿಸಿಯೂ ಚರ್ಮಕ್ಕೆ ಒಂದು ಗುಳಿ ಬೀಳಿಸದ ಕಾಲು ಎಂಥದ್ದಿರಬೇಕು! ನನ್ನ ಕಾಲಿಗೆ ಅದು ಬರುವುದಿಲ್ಲ. ಕಲಿಯುತ್ತಿದ್ದೇನೆ. ಅದನ್ನು ಕಲಿಯಲು ಚರ್ಮವೇ ಬೇಕು.

ಹಾಗಾದರೆ ಇದು ಹರಿದದ್ದು ಹೇಗೆ? ನಡುವೆ ಅಲ್ಲ, ಅಂಚಿನಲ್ಲಿ, ಸುತ್ತಿನ ಉದ್ದಕ್ಕೂ. ಅದನ್ನು ಹೇಳಿದವರು ನಮ್ಮ ಕಡೆ ಮದುವೆ, ಸಾವಿಗೆ ವಾಲಗದ ಜೊತೆ 'ಕೊಟ್ಟು' ಎಂಬ ಚರ್ಮವಾದ್ಯ ಬಾರಿಸಲು ಹೋಗುವ ಒಬ್ಬ ಹಿರಿಯರು. ಚರ್ಮ ಕಟ್ಟುವುದರಲ್ಲಿ ಅವರ ಕೈ ದೊಡ್ಡದು. ಹರಿದ ಅಂಚನ್ನು ಬೆರಳಲ್ಲಿ ಸವರಿ, 'ಮಳೇಲಿ ಬಿಗಿ ಮಾಡಿದ್ದಾರೆ, ಬೇಸಿಗೇಲಿ ಸಡಿಲ ಮಾಡಿಲ್ಲ. ಒಣಗಿದಾಗ ಅದೇ ಎಳ್ಕೊಂಡು ಹರ್ಕೊಂಡಿದೆ' ಅಂದರು. ಆಗಲೇ ನನಗೆ ಬಳೆಯ ಮೇಲಿನ ಅಂಕಿಗಳ ಬಗ್ಗೆ ಒಂದು ಅನುಮಾನ ಹುಟ್ಟಿದ್ದು.

ಚರ್ಮಕ್ಕೆ ದೊಡ್ಡ ಹೋತದ್ದೇ ಬೇಕಾಯಿತು. 22 ಇಂಚಿನ ಡ್ರಮ್ಮಿಗೆ ಬಳೆಗೆ ಸುತ್ತಿ ಮಡಚಲು ಸುತ್ತಲೂ ಮೂರು ಇಂಚು ಸೇರಿ 28 ಇಂಚಿನ ದುಂಡು ಬೇಕು. ಅಣ್ಣ (ವಾಲಗದ ಆ ಹಿರಿಯರನ್ನು ನಾನು ಹಾಗೇ ಕರೆಯುವುದು) ಸುಣ್ಣ ಹಾಕಿ ಕೂದಲು ತೆಗೆದ ಚರ್ಮ ತಂದರು. ಬೆಳಕಿಗೆ ಹಿಡಿದು ಬೆನ್ನಿನ ಗೆರೆ ತೋರಿಸಿದರು. ಆ ಗೆರೆ ಸರಿಯಾಗಿ ನಡುವೆ ಹಾಯಬೇಕು, ಆಗ ಎರಡೂ ಕಡೆ ದಪ್ಪ ಒಂದೇ ಸಮ. ತಣ್ಣೀರಿನಲ್ಲಿ ಒಂದು ಗಂಟೆ ನೆನೆಸಿದೆವು. ಬಿಸಿ ನೀರು ಕೂಡದು, ಚರ್ಮ ಸುಕ್ಕುಗಟ್ಟುತ್ತದೆ. ಒದ್ದೆ ಚರ್ಮವನ್ನು ಕೂದಲಿದ್ದ ಮುಖ ಕೆಳಗೆ ಮಾಡಿ ಹರಡಿ, ತೆಳ್ಳನೆಯ ಒಳಬಳೆ ಅದರ ಮೇಲಿಟ್ಟು, ಅಂಚನ್ನು ಮೇಲೆತ್ತಿ ಬಳೆಯ ಸುತ್ತ ಒಳಗೆ ಸಿಕ್ಕಿಸುತ್ತ ಹೋಗಬೇಕು. ಒಮ್ಮೆ ಇಲ್ಲಿ, ಒಮ್ಮೆ ಎದುರುಗಡೆ. ಅದಕ್ಕೆಂದೇ ಒಂದು ಉಪಕರಣ ಇದೆ, ನಾವು ಊಟದ ಚಮಚದ ಹಿಡಿ ಬಳಸಿದೆವು. ನಾನು ಸಿಕ್ಕಿಸಿದ ಕಡೆಯೆಲ್ಲ ನೆರಿಗೆ ಬಂತು. ಅಣ್ಣ ಏನೂ ಹೇಳದೆ ಬಿಚ್ಚಿ ಮತ್ತೆ ಸಿಕ್ಕಿಸಿದರು. ಒದ್ದೆಯಿರುವಾಗಲೇ ಶೆಲ್ಲಿಗೆ ಕೂರಿಸಿ, ರಾಡ್‌ಗಳನ್ನು ಬೆರಳಲ್ಲಿ ತಿರುಗುವಷ್ಟೇ ಬಿಗಿ ಮಾಡಿ, ಹೊಗೆ ಗಾಳಿ ಇಲ್ಲದ ಕೋಣೆಯಲ್ಲಿ ಮೂರು ದಿನ ಬಿಟ್ಟೆವು. ಮೊದಲ ದಿನ ರಾತ್ರಿ ಅದು ಒಣಗುತ್ತಾ ಟಿಕ್, ಟಿಕ್ ಅಂತ ಸದ್ದು ಮಾಡುತ್ತಿತ್ತು. ನಾನು ಎರಡು ಸಲ ಎದ್ದು ನೋಡಿದೆ.

ಬಲ್ಬಿನ ಕೆಲಸ ನನ್ನದೇ ಕಸುಬು, ಬೇಗ ಮುಗಿಯಿತು. ಹಳೇ ವೈರಿನ ರಬ್ಬರ್ ಮುಟ್ಟಿದರೆ ಪುಡಿಯಾಗುತ್ತಿತ್ತು. ಹೋಲ್ಡರ್ ಹಿತ್ತಾಳೆಯದ್ದೇ ಉಳಿಸಿ ಒಳಗಿನ ಭಾಗ ಹೊಸದು ಹಾಕಿದೆ, ಮೂರು ಎಳೆಯ ವೈರ್, ಹಿತ್ತಾಳೆಗೆ ಅರ್ತ್, ಪ್ಲಗ್ಗಿನ ಹಿಂದೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಆರ್‌ಸಿಸಿಬಿ. ಬಲ್ಬಿನ ಸುತ್ತ ತಂತಿ ಜಾಲರಿ, ಕಂದಿದ ಮರದ ಕಡೆಗೆ ಒಂದು ಅಲ್ಯುಮಿನಿಯಂ ತಗಡು. ಹೊರಗೆ ಸೆಲ್ಯುಲಾಯ್ಡ್ ಇದೆ ಅನ್ನುವುದು ಮರೆಯಬಾರದು. ಬಲ್ಬ್ ಉರಿಯುವಾಗ ನಾನು ಆ ಕೋಣೆ ಬಿಟ್ಟು ಹೋಗುವುದಿಲ್ಲ. ಎಲ್ಇಡಿ ಹಾಕಿದರೆ ಪ್ರಯೋಜನ ಇಲ್ಲ, ಬೇಕಾಗಿರುವುದು ಬಿಸಿ. ಹೆಸರಿಗೆ ಜೀರೋ ಬಲ್ಬ್ ಅಂದರೂ ಹಳೇ ತಂತಿಯ ಬಲ್ಬ್ 15 ವ್ಯಾಟ್‌ನಷ್ಟು ಎಳೆಯುತ್ತದೆ, ಅಷ್ಟು ಸಾಕು.

ಜನವರಿಯಲ್ಲಿ ಮೊದಲ ಸಲ ಬಾರಿಸಿದಾಗ ಮೇಸ್ತ್ರಿ, ಅಣ್ಣ, ಅಪ್ಪ ಎಲ್ಲ ಇದ್ದರು. ಬಿಸಿಲಿನ ಒಣ ದಿನ, ಚರ್ಮ ತಾನಾಗಿಯೇ ಬಿಗಿಯಾಗಿತ್ತು. ಉಣ್ಣೆಯ ಗುಂಡಿನ ಪೆಡಲ್ ಹಾಕಿ ನಾಲ್ಕು ಪೆಟ್ಟು ಮೆಲ್ಲಗೆ ಕೊಟ್ಟೆ. ಸದ್ದು ಮುಂದೆ ಬರುವುದಿಲ್ಲ, ನೆಲದಲ್ಲಿ ಹರಡಿಕೊಳ್ಳುತ್ತದೆ. ಅಪ್ಪ, 'ಜೋರಾಯ್ತು' ಅಂದರು. ಇನ್ನೂ ಮೆಲ್ಲಗೆ ಕೊಟ್ಟೆ. 'ಇನ್ನೂ' ಅಂದರು. ಮೂರನೇ ಸಲಕ್ಕೆ ಸುಮ್ಮನಾದರು.

ನಿಜವಾದ ಪರೀಕ್ಷೆ ಇದ್ದದ್ದು ಮಳೆಗಾಲದಲ್ಲಿ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಬೀಳುತ್ತದೆ, ಅದರಲ್ಲಿ ಜುಲೈ ತಿಂಗಳದ್ದೇ ದೊಡ್ಡ ಪಾಲು. ಈ ಜುಲೈ ಎರಡನೇ ವಾರ ಡ್ರಮ್ಮನ್ನು ಮಡಿಕೇರಿಯ ಸ್ನೇಹಿತನ ಮನೆಗೆ ಒಯ್ದು ಒಂದು ರಾತ್ರಿ ಬಲ್ಬ್ ಹಾಕದೆ ಬಿಟ್ಟೆ. ಬೆಳಿಗ್ಗೆ ಕೋಣೆಯಲ್ಲಿ 21 ಡಿಗ್ರಿ, ತೇವಾಂಶ 93. ಚರ್ಮ ಒದ್ದೆ ಚಪಾತಿಯ ಹಾಗೆ ಜೋತುಬಿದ್ದಿತ್ತು, ಬಡಿದರೆ ಸ್ವರವೇ ಇಲ್ಲ. ಜನವರಿಯ ಸ್ವರ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟಿದ್ದೆ. ಅದಕ್ಕೆ ಸೇರುವವರೆಗೆ ರಾಡ್‌ಗಳನ್ನು ಬಿಗಿ ಮಾಡುತ್ತ, ಎಣಿಸುತ್ತ ಹೋದೆ. ಟಿ ಹಿಡಿಯನ್ನು ತಿರುಗಿಸುವಾಗ ಯಾರೂ ಪೂರ್ತಿ ಸುತ್ತು ಎಣಿಸುವುದಿಲ್ಲ, ಅರ್ಧ ಸುತ್ತಿಗೆ ಹಿಡಿ ಮತ್ತೆ ಮೊದಲಿನ ಹಾಗೇ ಕಾಣುತ್ತದೆ, ಕೈ ಅಲ್ಲಿಗೆ ನಿಲ್ಲುತ್ತದೆ. ಎಂಟು ರಾಡ್‌ಗಳಲ್ಲಿ ಐದಕ್ಕೆ ಮೂರು ಅರ್ಧ ಸುತ್ತು ಬೇಕಾಯಿತು, ಉಳಿದ ಮೂರಕ್ಕೆ ಅಂಥ ಎರಡೂವರೆ. ಮರ್ಕೆರಾ ಜುಲೈ 57, 3. ಮರ್ಕೆರಾ ಜುಲೈ 58, 3.

ಎಲ್ಲವನ್ನೂ ಮತ್ತೆ ಸಡಿಲಿಸಿದೆ. ಹಾಗೇ ಬಿಟ್ಟಿದ್ದರೆ ಒಣಗಿದಾಗ ಇದೂ ಅಂಚಿನಲ್ಲಿ ಹರಿಯುತ್ತಿತ್ತು. ಆಮೇಲೆ ಬಲ್ಬ್ ಹಾಕಿ, ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತೆ. ಗಾಳಿ ತೂತಿನಿಂದ ಬೆಚ್ಚಗಿನ, ಮರದ ವಾಸನೆಯ ಗಾಳಿ ಬರತೊಡಗಿತು. ನಲವತ್ತು ನಿಮಿಷಕ್ಕೆ ಒಳಗಿನ ಮೀಟರ್ 27 ಡಿಗ್ರಿ, ತೇವಾಂಶ 65 ತೋರಿಸಿತು. ಮಾಸಿದ ಅಕ್ಷರಗಳ ಹಿಂದೆ ಮುಂದಿನ ಚರ್ಮ ಜೇನಿನ ಬಣ್ಣಕ್ಕೆ ಬೆಳಗುತ್ತಿತ್ತು, ಅಪ್ಪ ಅದನ್ನು ಷೋಕಿ ಅಂದುಕೊಂಡದ್ದರಲ್ಲಿ ತಪ್ಪೇನಿಲ್ಲ. ಒಂದು ಗಂಟೆಯಾದ ಮೇಲೆ ಬಡಿದೆ. ಜನವರಿಯ ಸ್ವರ. ಒಂದು ರಾಡನ್ನೂ ಮುಟ್ಟಿರಲಿಲ್ಲ.

60ರ ಆಗಸ್ಟಿನಿಂದ ಮುಂದಿನ ಸೊನ್ನೆಗಳು ಅವು. ಅದಕ್ಕೆ ಮೊದಲಿನ ಯಾವುದೋ ಮಳೆಗಾಲದಲ್ಲಿ ಯಾರದೋ ಮನೆಯ ಬೀರುವಿನೊಳಗೆ ಉರಿಯುತ್ತಿದ್ದ ಬಲ್ಬನ್ನು ಆತ ನೋಡಿರಬೇಕು.

ಈಗ ಉಳಿದಿರುವುದು ಮುಂದಿನ ಚರ್ಮದ ಬಳೆಗೆ ಒಂದು ಕೊಕ್ಕೆ, ಕಾಚಂಪುಳಿಯಲ್ಲಿ ಮಂಕಾದದ್ದು. ಅದಕ್ಕೆ ಮೈಸೂರಿನಲ್ಲಿ ನಿಕಲ್ ಹಾಕಿಸಬೇಕು. ನಾನು ಒರೆಸಿ ಅಳಿಸಿದ ಮೂರು ಇಂಚು ಬಳೆಯ ಮೇಲೆ ಹಾಗೇ ಖಾಲಿ ಬಿಟ್ಟಿದ್ದೇನೆ. ನನ್ನ ಲೆಕ್ಕವನ್ನು ಒಂದು ರಟ್ಟಿನ ಚೀಟಿಯಲ್ಲಿ ಬರೆದು ದಾರ ಕಟ್ಟಿ ರಾಡಿಗೆ ನೇತುಹಾಕಿದ್ದೇನೆ: ಮಡಿಕೇರಿ, ಜುಲೈ, ಬಲ್ಬ್ ಇಲ್ಲದೆ 3, ಬಲ್ಬ್ ಹಾಕಿದರೆ 0.